ಮೂರೂವರೆ ಗಂಟೆಯ ಆಟ, ಎರಡು ಡಿಸ್ಕ್: ಹಳೆಯ ಡಿವಿಡಿ ಪ್ಲೇಯರಿಗೆ ಯಕ್ಷಗಾನ ಇಳಿಸಿದ ಲೆಕ್ಕ

ಕೈಗೆ ಬಂದ ಸರಕು ಬಡಗುತಿಟ್ಟಿನ ಒಂದು ಆಟದ ರೆಕಾರ್ಡಿಂಗ್. ಒಟ್ಟು 3 ಗಂಟೆ 30 ನಿಮಿಷ. ಎವಿಸಿಎಚ್‌ಡಿ ಎಂಬ ಎಚ್‌ಡಿ ಫಾರ್ಮ್ಯಾಟಿನ ಕ್ಯಾಮ್‌ಕಾರ್ಡರಿನಲ್ಲಿ ಹಿಡಿದದ್ದು, 1920×1080 ಇಂಟರ್ಲೇಸ್ಡ್ (ಒಂದು ಫ್ರೇಮಿನ ಗೆರೆಗಳು ಒಂದು ಬಿಟ್ಟು ಒಂದರಂತೆ ಎರಡು ಕಂತಿನಲ್ಲಿ ಬರುವ ಬಗೆ, ಒಂದೊಂದು ಕಂತು ಒಂದು ಫೀಲ್ಡ್), ಸೆಕೆಂಡಿಗೆ 25 ಫ್ರೇಮ್ ಅಂದರೆ 50 ಫೀಲ್ಡ್, ಧ್ವನಿ 256 ಕಿಲೊಬಿಟ್‌ನ ಎಸಿ-3 (ಡಾಲ್ಬಿ ಡಿಜಿಟಲ್) ಸ್ಟೀರಿಯೊ. ತಲುಪಬೇಕಾದ ಜಾಗ ಒಂದು ಹಳೆಯ ಡಿವಿಡಿ ಪ್ಲೇಯರ್, ಅದಕ್ಕೆ ಹಳದಿ-ಕೆಂಪು-ಬಿಳಿ ವೈರಿನಲ್ಲಿ ಸಿಕ್ಕಿಸಿದ ಡಬ್ಬಾ ಟಿವಿ. ನೋಡುವವರು ರಿಮೋಟಿನಲ್ಲಿ ಪ್ಲೇ ಗುಂಡಿ ಬಿಟ್ಟು ಬೇರೆ ಯಾವುದನ್ನೂ ಮುಟ್ಟದ ಹಿರಿಯರು. ಕೊನೆಯ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಮೆನು ಮಾಡುವಾಗ ಇದೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಕಂಪ್ಯೂಟರಿನಲ್ಲಿ ಓಡಿದ ಡಿಸ್ಕ್ ಪ್ಲೇಯರಿನಲ್ಲೂ ಓಡುತ್ತದೆ ಎಂದುಕೊಂಡರೆ ಕೆಟ್ಟಿತು. ಕಂಪ್ಯೂಟರಿನ ವಿಎಲ್‌ಸಿ ತಂತ್ರಾಂಶ ಏನು ಕೊಟ್ಟರೂ ನುಂಗುತ್ತದೆ. ಪ್ಲೇಯರ್ ಹಾಗಲ್ಲ, ಅದು ಮಡಿವಂತ. ಭಾರತದಲ್ಲಿ ನಮ್ಮದು ಪಾಲ್ ಎಂಬ ಟಿವಿ ಪದ್ಧತಿ, ಆದ್ದರಿಂದ ಎಂಪೆಗ್-2 ವಿಡಿಯೊ, 720×576, ಸೆಕೆಂಡಿಗೆ 25 ಫ್ರೇಮ್. ಒಟ್ಟಾಗಿ ಸಂಕುಚಿಸುವ ಫ್ರೇಮುಗಳ ಒಂದು ಗುಂಪಿನಲ್ಲಿ, ಅಂದರೆ ಒಂದು ಜಿಒಪಿಯಲ್ಲಿ, 15 ಫ್ರೇಮಿಗಿಂತ ಹೆಚ್ಚಿರುವಂತಿಲ್ಲ. ವಿಡಿಯೊ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಬಳಸುವ ಬಿಟ್, 9.8 ಮೆಗಾಬಿಟ್ ದಾಟುವಂತಿಲ್ಲ. ಧ್ವನಿ, ಸಬ್‌ಟೈಟಲ್ ಎಲ್ಲ ಸೇರಿ 10.08. ಧ್ವನಿ ಎಸಿ-3, ಎಂಪಿ2 ಅಥವಾ ಪಿಸಿಎಂ ಆಗಿರಬೇಕು, 48 ಕಿಲೊಹರ್ಟ್ಸ್. ಎಂಪಿ3, ಎಎಸಿ ನಡೆಯುವುದಿಲ್ಲ. 44.1 ಕೂಡ ನಡೆಯುವುದಿಲ್ಲ.

ಒಂದೇ ಡಿಸ್ಕಿಗೆ ಹಿಡಿಸಬೇಕೆ?

ಎಲ್ಲರೂ ಕೇಳುವುದು ಇದನ್ನೇ. ಡಬ್ಬಿಯ ಮೇಲೆ 4.7 ಜಿಬಿ ಎಂದು ಬರೆದಿರುತ್ತದೆ. ಡಿವಿಡಿ+ಆರ್‌ನಲ್ಲಿ ನಿಜಕ್ಕೂ ಇರುವುದು 4,70,03,72,992 ಬೈಟ್. ಕಂಪ್ಯೂಟರ್ ಅದನ್ನೇ 4.38 ಎಂದು ತೋರಿಸುತ್ತದೆ. ಡಿವಿಡಿ-ಆರ್‌ನಲ್ಲಿ ಒಂದು ಚೂರು ಹೆಚ್ಚಿದೆ, ಲೆಕ್ಕಕ್ಕೆ ಕಡಿಮೆಯದನ್ನೇ ಹಿಡಿಯುವುದು ಒಳ್ಳೆಯದು. ಎಂಟರಿಂದ ಗುಣಿಸಿ 12,600 ಸೆಕೆಂಡಿಗೆ ಭಾಗಿಸಿದರೆ ಸೆಕೆಂಡಿಗೆ ಸುಮಾರು 2,984 ಕಿಲೊಬಿಟ್ ಸಿಗುತ್ತದೆ. ಅದರಲ್ಲಿ ಶೇ. 6 ಕಳೆಯಬೇಕು: ಎರಡು-ಎರಡೂವರೆ ಭಾಗ ಪ್ಯಾಕೆಟ್‌ಗಳ ತಲೆಬರಹಕ್ಕೆ ಮತ್ತು ಪ್ಲೇಯರಿಗೆ ದಾರಿ ತೋರಿಸುವ ನ್ಯಾವಿಗೇಷನ್ ಪ್ಯಾಕಿಗೆ, ಅರ್ಧ ಭಾಗ ಮೆನುಗೆ, ಉಳಿದದ್ದು ಡಿಸ್ಕಿನ ಹೊರ ಅಂಚನ್ನು ಖಾಲಿ ಬಿಡುವುದಕ್ಕೆ. ಧ್ವನಿಯ 256 ತೆಗೆದರೆ ವಿಡಿಯೊಗೆ ಉಳಿಯುವುದು 2,550ರ ಆಸುಪಾಸು.

ಅಷ್ಟರಲ್ಲಿ ಕುರ್ಚಿಯಲ್ಲಿ ಕೂತು ಮಾತಾಡುವವರ ಸಂದರ್ಶನವಾದರೆ ಸಾಕಾಗುತ್ತದೆ. ಯಕ್ಷಗಾನಕ್ಕೆ ಸಾಲದು. ಯುದ್ಧದ ಪದ್ಯಕ್ಕೆ ಮಂಡಿ ಕುಣಿತ ಶುರುವಾಯಿತು ಅಂದರೆ ಮುಂಡಾಸು, ಎದೆಕಟ್ಟು, ಚೌಕುಳಿ ಸೀರೆ ಎಲ್ಲ ಒಟ್ಟಿಗೆ ತಿರುಗುತ್ತದೆ. 2,550ರಲ್ಲಿ ಆ ಜಾಗ ಪೂರ್ತಿ ಚೌಕ ಚೌಕವಾಗಿ ಒಡೆಯಿತು. ಅರ್ಧ ಅಗಲದ 352×576 ಬಳಸಿದರೆ ಬಿಟ್ ಉಳಿಯುತ್ತದಲ್ಲ ಎನ್ನುವವರಿದ್ದಾರೆ. ಆದರೆ ಡಿವಿಡಿ ನಿಯಮದಲ್ಲಿ ಆ ಅಳತೆಗೆ 16:9 ಗುರುತು ಇಲ್ಲ, 4:3 ಮಾತ್ರ. ಮೇಲೆ ಕೆಳಗೆ ಕಪ್ಪು ಪಟ್ಟಿ ನಾವೇ ಹಾಕಬೇಕು, ಗೆರೆಗಳೂ ಹೋದವು, ಅಗಲವೂ ಹೋಯಿತು. 8.5 ಜಿಬಿಯ ಎರಡು ಪದರದ ಡಿಸ್ಕ್ ಇನ್ನೊಂದು ದಾರಿ. ಅದು ದುಬಾರಿ, ಮೇಲಾಗಿ ಹಳೆಯ ಪ್ಲೇಯರುಗಳಲ್ಲಿ ಹಲವು ಅದನ್ನು ಗುರುತಿಸುವುದೇ ಇಲ್ಲ, ಗುರುತಿಸಿದರೂ ಪದರ ಬದಲಾಗುವಲ್ಲಿ ತಡವರಿಸುತ್ತವೆ.

ಹಾಗಾಗಿ ಎರಡು ಡಿಸ್ಕ್. ಕತೆ ತಿರುಗುವ ಜಾಗದಲ್ಲಿ ಕತ್ತರಿಸಿದಾಗ ಪೂರ್ವಾರ್ಧ 1 ಗಂಟೆ 48 ನಿಮಿಷ, ಉತ್ತರಾರ್ಧ 1 ಗಂಟೆ 42 ನಿಮಿಷ ಬಂತು. ಅದೇ ಲೆಕ್ಕದಲ್ಲಿ ಮೊದಲನೆಯದಕ್ಕೆ ಸರಾಸರಿ 5,200, ಎರಡನೆಯದಕ್ಕೆ 5,500 ಕಿಲೊಬಿಟ್. ಪದ್ಯದ ನಡುವೆ ಮಾತ್ರ ಕತ್ತರಿಸಬೇಡಿ. ಡಿಸ್ಕ್ ಬದಲಿಸುವಷ್ಟರಲ್ಲಿ ತಾಳ ತಪ್ಪಿರುತ್ತದೆ.

ಕ್ಯಾಮೆರಾ ಉದ್ದ ರೆಕಾರ್ಡಿಂಗನ್ನು ತುಂಡು ತುಂಡು ಎಂಟಿಎಸ್ ಕಡತಗಳಾಗಿ ಇಡುತ್ತದೆ. ಒಂದೊಂದನ್ನೂ ಬೇರೆ ಬೇರೆ ಪರಿವರ್ತಿಸಿ ಆಮೇಲೆ ಜೋಡಿಸಿದರೆ ಪ್ರತಿ ಬೆಸುಗೆಯಲ್ಲೂ ಚೆಂಡೆಯ ಪೆಟ್ಟೊಂದು ನುಂಗಿಹೋಗುತ್ತದೆ. ಒಂದೇ ಓಟದ ರೆಕಾರ್ಡಿಂಗ್ ಆದರೆ ಆ ಕಡತಗಳನ್ನು ಬೈಟಿಗೆ ಬೈಟ್ ಒಂದರ ಹಿಂದೊಂದು ಅಂಟಿಸಿದರೆ ಸಾಕು, ಲಿನಕ್ಸಿನ ಕ್ಯಾಟ್ ಆಜ್ಞೆ ಅದಕ್ಕೇ ಇರುವುದು. ಪರಿವರ್ತನೆ ಏನಿದ್ದರೂ ಅದರ ನಂತರ.

ಫೀಲ್ಡುಗಳ ಗೋಜು

ಹೆಚ್ಚಿನ ಡಿಸ್ಕುಗಳು ಕೆಡುವುದು ಇಲ್ಲಿ. ಮೂಲವೂ ಇಂಟರ್ಲೇಸ್ಡ್, ಡಿವಿಡಿಯೂ ಇಂಟರ್ಲೇಸ್ಡ್, ಹಾಗಾಗಿ 1080 ಗೆರೆಯನ್ನು ನೇರ 576ಕ್ಕೆ ಕುಗ್ಗಿಸಿದರೆ ಆಯಿತು ಎಂದು ಅನಿಸುವುದು ಸಹಜ. ಆದರೆ ಒಂದು ಫ್ರೇಮಿನ ಸಮ ಗೆರೆಗಳು ಒಂದು ಕ್ಷಣದವು, ಬೆಸ ಗೆರೆಗಳು ಸೆಕೆಂಡಿನ ಐವತ್ತನೇ ಒಂದು ಭಾಗ ತಡವಾದವು. ನೇರ ಕುಗ್ಗಿಸಿದರೆ ಆ ಎರಡು ಕ್ಷಣಗಳು ಕಲಸಿಹೋಗುತ್ತವೆ. ನಿಂತ ವೇಷ ಚೆನ್ನಾಗಿಯೇ ಕಾಣುತ್ತದೆ. ಕೈ ಬೀಸಿದರೆ ಒಂದು ಕೈಗೆ ಎರಡು ನೆರಳು, ಅಂಚಿಗೆಲ್ಲ ಬಾಚಣಿಗೆ ಹಲ್ಲು. ಒಮ್ಮೆ ಕಲಸಿದ್ದನ್ನು ಮತ್ತೆ ಬಿಡಿಸಲು ಬರುವುದಿಲ್ಲ.

ಸರಿಯಾದ ಕ್ರಮ ಸುತ್ತುಬಳಸಿನದು, ಆದರೆ ಬೇರೆ ದಾರಿಯಿಲ್ಲ. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಪರಿವರ್ತನೆಯ ತಂತ್ರಾಂಶದ ಫಿಲ್ಟರ್ ಸರಪಳಿಯಲ್ಲಿ ಮೊದಲು ಇಂಟರ್ಲೇಸ್ ಬಿಡಿಸುವ ಬಿಡಬ್ಲ್ಯೂಡಿಐಎಫ್, ಪ್ರತಿ ಫೀಲ್ಡಿಗೆ ಒಂದು ಫ್ರೇಮ್ ಕೊಡುವ ವಿಧಾನದಲ್ಲಿ. ಈಗ ಸೆಕೆಂಡಿಗೆ 50 ಪೂರ್ಣ ಫ್ರೇಮ್. ಅದನ್ನು 720×576ಕ್ಕೆ ಕುಗ್ಗಿಸುವುದು, ಅದಕ್ಕೆ ಲ್ಯಾಂಕ್ಜೋಸ್ ಎಂಬ ವಿಧಾನ ಸಾಕು. ಕೊನೆಗೆ ಇಂಟರ್ಲೇಸ್ ಫಿಲ್ಟರಿನಲ್ಲಿ ಮತ್ತೆ 25 ಫ್ರೇಮಿಗೆ ಹೆಣೆಯುವುದು, ಮೇಲಿನ ಫೀಲ್ಡ್ ಮೊದಲು. ಆ ಫಿಲ್ಟರಿನಲ್ಲಿ ತೆಳು ಗೆರೆಗಳನ್ನು ಮೆದುಗೊಳಿಸುವ ಲೋಪಾಸ್ ಆಯ್ಕೆಯನ್ನು ಲೀನಿಯರ್ ಎಂದೇ ಇಡಬೇಕು. ಚಿತ್ರ ಇನ್ನಷ್ಟು ಚೂಪಾಗಲಿ ಎಂದು ಅದನ್ನು ಆಫ್ ಮಾಡಿ ನೋಡಿದಾಗ ಮಾನಿಟರಿನಲ್ಲಿ ಬಹಳ ಸೊಗಸಾಗಿತ್ತು. ಡಬ್ಬಾ ಟಿವಿಯಲ್ಲಿ ಚೌಕುಳಿ ಸೀರೆಯ ಪ್ರತಿ ಅಡ್ಡಗೆರೆಯೂ ಮಿಣಮಿಣ ಎಂದಿತು. ಒಂದೇ ಗೆರೆಯಷ್ಟು ತೆಳುವಾದದ್ದು ಒಂದು ಫೀಲ್ಡಿನಲ್ಲಿ ಇರುತ್ತದೆ, ಮುಂದಿನದರಲ್ಲಿ ಇರುವುದಿಲ್ಲ, ಅದಕ್ಕೇ ಈ ಮಿಣುಕು.

ಫೀಲ್ಡಿನ ಸರದಿ ತಿರುವುಮುರುವಾದರೆ ಇನ್ನೂ ಕೆಟ್ಟದ್ದು. ಎವಿಸಿಎಚ್‌ಡಿಯಲ್ಲಿ ಮೇಲಿನ ಫೀಲ್ಡ್ ಮೊದಲು, ಹಳೆಯ ಡಿವಿ ಟೇಪಿನಲ್ಲಿ ಕೆಳಗಿನದು ಮೊದಲು. ಟೇಪಿಗೆಂದು ಮಾಡಿಟ್ಟ ಆಜ್ಞೆಯನ್ನೇ ನಕಲು ಮಾಡಿ ಎವಿಸಿಎಚ್‌ಡಿಗೆ ಹಾಕಿದರೆ ಚಲನೆ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಎಂಬಂತೆ ನಡುಗುತ್ತದೆ. ಕಂಪ್ಯೂಟರ್ ಪರದೆಯಲ್ಲಿ ಇದು ಕಣ್ಣಿಗೆ ಬೀಳದೇ ಹೋಗಬಹುದು. ಪರೀಕ್ಷೆಗೆ ಕ್ಯಾಮೆರಾ ನಿಧಾನ ಅಡ್ಡ ತಿರುಗಿದ 20 ಸೆಕೆಂಡಿನ ತುಣುಕು ಬೇಕು, ಮತ್ತು ನಿಜವಾದ ಟಿವಿ ಬೇಕು.

ಕುಗ್ಗಿಸುವ ಹಂತದಲ್ಲೇ ಬಣ್ಣದ ಕೋಷ್ಟಕ ಬದಲಿಸುವುದನ್ನು ಮರೆಯಬಾರದು. ಎಚ್‌ಡಿಯಲ್ಲಿ ಬಿಟಿ.709, ಡಿವಿಡಿಯಲ್ಲಿ ಬಿಟಿ.601. ಸ್ಕೇಲ್ ಫಿಲ್ಟರಿಗೆ ಒಳಬರುವುದು 709, ಹೊರಹೋಗುವುದು 601 ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅಚ್ಚ ಕೆಂಪು ಶೇ. 91ರಷ್ಟಕ್ಕೆ ಇಳಿದು ಮಂಕಾಗುತ್ತದೆ, ಹಸಿರು ಅಳತೆ ಮೀರಿ ಹೊಳೆಯುತ್ತದೆ. ಕೆಂಪೇ ಪ್ರಧಾನವಾದ ವೇಷಭೂಷಣದಲ್ಲಿ ಈ ತಪ್ಪು ಎದ್ದು ಕಾಣುತ್ತದೆ.

ಅಗಲ 720 ಇಡಬೇಕೋ 704 ಇಟ್ಟು ಪಕ್ಕಕ್ಕೆ ಎಂಟೆಂಟು ಪಿಕ್ಸೆಲ್ ಕಪ್ಪು ಹಾಕಬೇಕೋ ಎಂಬ ಚರ್ಚೆ ಮುಗಿಯುವಂಥದ್ದಲ್ಲ. ವ್ಯತ್ಯಾಸ ಶೇ. 2ರ ಚಿಲ್ಲರೆ. ಇಲ್ಲಿ 720 ಇಟ್ಟಿದೆ.

ಗದ್ದಲ ತೆಗೆಯುವುದು, ಎನ್‌ಕೋಡ್ ಮಾಡುವುದು

ರಂಗಸ್ಥಳದ ಹಿಂದಿನ ಕಪ್ಪು ಪರದೆಯಲ್ಲಿ ಕ್ಯಾಮೆರಾ ಸೆನ್ಸರಿನ ಗದ್ದಲ ಇರುವೆ ಹರಿದ ಹಾಗೆ ಓಡುತ್ತಿರುತ್ತದೆ. ನೋಡುವವರಿಗೆ ಅದು ಬೇಡ, ಎನ್‌ಕೋಡರ್ ಮಾತ್ರ ಅದನ್ನು ಚಲನೆ ಎಂದೇ ತಿಳಿದು ಬಿಟ್ ಸುರಿಯುತ್ತದೆ. ಹಾಗಾಗಿ ಕುಗ್ಗಿಸಿದ ನಂತರ, ಹೆಣೆಯುವ ಮೊದಲು, ಗದ್ದಲ ತೆಗೆಯುವ ಎಚ್‌ಕ್ಯೂಡಿಎನ್3ಡಿ ಫಿಲ್ಟರ್. ಅದರ ಸಿದ್ಧ ಮೌಲ್ಯಗಳು 4, 3, 6, 4.5. ಅಷ್ಟು ಕೊಟ್ಟರೆ ಮುಖದ ಬಣ್ಣಗಾರಿಕೆಯ ಸಣ್ಣ ಚುಕ್ಕೆ, ಗೆರೆಗಳೂ ಸವೆದು ಮೈದಾ ಬಳಿದಂತಾಗುತ್ತದೆ. 1.5, 1.5, 3, 3ಕ್ಕೆ ಇಳಿಸಿದಾಗ ಪರದೆ ಶಾಂತವಾಯಿತು, ಮುಖವೂ ಉಳಿಯಿತು.

ಎಫ್‌ಎಫ್‌ಎಂಪೆಗ್‌ನಲ್ಲಿ ಪಾಲ್-ಡಿವಿಡಿ ಎಂಬ ಸಿದ್ಧ ಟಾರ್ಗೆಟ್ ಇದೆ. ಫ್ರೇಮ್ ಅಳತೆ, 15ರ ಜಿಒಪಿ, 18,35,008 ಬಿಟ್ ಬಫರ್ (ಓದಿದ್ದನ್ನು ತೋರಿಸುವ ತನಕ ಕೂಡಿಡುವ ಜಾಗ), 2048 ಬೈಟ್ ಪ್ಯಾಕೆಟ್, ಎಲ್ಲವನ್ನೂ ಅದೇ ಹೊಂದಿಸುತ್ತದೆ. ಆಜ್ಞೆಯಲ್ಲಿ ಟಾರ್ಗೆಟ್ ಮೊದಲು ಬರಲಿ, ನಮ್ಮ ಸಂಖ್ಯೆಗಳು ಆಮೇಲೆ. ನಾವು ಸೇರಿಸಬೇಕಾದವು ಇಷ್ಟು: 16:9 ಗುರುತು, ಎರಡು ಬಿ-ಫ್ರೇಮ್ (ಹಿಂದಿನ ಮುಂದಿನ ಫ್ರೇಮುಗಳಿಂದ ಊಹಿಸಿ ಬಿಟ್ ಉಳಿಸುವ ಫ್ರೇಮ್), ಯಾಕೆಂದರೆ ಕೇಳದಿದ್ದರೆ ಇದರ ಎಂಪೆಗ್-2 ಎನ್‌ಕೋಡರ್ ಬಿ-ಫ್ರೇಮನ್ನೇ ಹಾಕುವುದಿಲ್ಲ, ಇಂಟರ್ಲೇಸ್ಡ್ ಡಿಸಿಟಿ ಮತ್ತು ಇಂಟರ್ಲೇಸ್ಡ್ ಮೋಷನ್ ಎಸ್ಟಿಮೇಷನ್, ಎರಡೂ ಫ್ಲ್ಯಾಗ್, ಡಿಸಿ ನಿಖರತೆ 10 ಬಿಟ್, ಇಲ್ಲದಿದ್ದರೆ ಮಬ್ಬು ಬೆಳಕಿನ ಪರದೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಏಳುತ್ತದೆ. ಎರಡು ಪಾಸ್, ಅಂದರೆ ಮೊದಲ ಸಲ ಅಳೆದು ಎರಡನೇ ಸಲ ಎನ್‌ಕೋಡ್ ಮಾಡುವುದು. ಒಂದೇ ಪಾಸಿನಲ್ಲಿ ಭಾಗವತರು ಕೂತು ಪದ್ಯ ಹೇಳುವಾಗ ಬಿಟ್ ದಂಡವಾಗಿ, ಯುದ್ಧಕ್ಕೆ ಬರುವಷ್ಟರಲ್ಲಿ ಕೈ ಬರಿದಾಗುತ್ತದೆ.

ಧ್ವನಿಯನ್ನು ಮುಟ್ಟಲಿಲ್ಲ. ಎವಿಸಿಎಚ್‌ಡಿಯ ಎಸಿ-3 ಡಿವಿಡಿಗೂ ಒಪ್ಪುತ್ತದೆ, ಸುಮ್ಮನೆ ಕಾಪಿ. ಧ್ವನಿ ಸಣ್ಣದಾಗಿದೆ ಎಂದು ಮಟ್ಟ ಸಮ ಮಾಡುವ ಲೌಡ್‌ನಾರ್ಮ್ ಫಿಲ್ಟರನ್ನು ಒಂದೇ ಪಾಸಿನಲ್ಲಿ ಹಾಕುವವರಿಗೆ ಒಂದು ಎಚ್ಚರಿಕೆ: ಚೆಂಡೆ ನಿಂತ ತಕ್ಷಣ ಅದು ಸಭೆಯ ಕೆಮ್ಮನ್ನೂ ಜನರೇಟರಿನ ಗುರ್ರನ್ನೂ ಮೇಲೆತ್ತುತ್ತದೆ. ಹೆಚ್ಚಿಸಲೇಬೇಕಾದರೆ ವಾಲ್ಯೂಮ್‌ಡಿಟೆಕ್ಟ್‌ನಿಂದ ಅತಿ ಎತ್ತರದ ಬಿಂದು ನೋಡಿ, ಅದು ಮೈನಸ್ 3 ಡಿಬಿ ಮುಟ್ಟುವಷ್ಟು ಮಾತ್ರ ಇಡೀ ಧ್ವನಿಯನ್ನು ಒಂದೇ ಸಮ ಏರಿಸಿ, ಎಸಿ-3ಗೆ ಮತ್ತೆ ಎನ್‌ಕೋಡ್ ಮಾಡಿ.

ಮೊದಲ ಡಿಸ್ಕ್ ನಿಂತ ಜಾಗ

ಮೊದಲ ಸುತ್ತಿನಲ್ಲಿ ಗರಿಷ್ಠ ಬಿಟ್‌ರೇಟನ್ನು ನಿಯಮದ ಅಂಚಿಗೇ, 9,800ಕ್ಕೆ ಇಟ್ಟದ್ದು ತಪ್ಪಾಯಿತು. ಸರಾಸರಿ 5,200 ತಾನೆ ಎಂಬ ಧೈರ್ಯ. ಎನ್‌ಕೋಡ್ ಆಗುವಾಗಲೇ ಬಫರ್ ಅಂಡರ್‌ಫ್ಲೋ (ಬಫರ್ ಬರಿದಾಯಿತು) ಎಂಬ ಸಾಲುಗಳು ಒಂದೆರಡು ಕಡೆ ಬಂದಿದ್ದವು. ಡಿಸ್ಕ್ ಕಂಪ್ಯೂಟರಿನಲ್ಲಿ ಸಲೀಸಾಗಿ ಓಡಿತು. ಪ್ಲೇಯರಿನಲ್ಲಿ ಒಡ್ಡೋಲಗ ಸರಿ, ಸಂಭಾಷಣೆ ಸರಿ, ಯುದ್ಧದ ಪ್ರವೇಶಕ್ಕೆ ಚಿತ್ರ ಕಲ್ಲಾಯಿತು. ಧ್ವನಿ ಒಂದು ಸೆಕೆಂಡು ಮುಂದೆ ಓಡಿ ಅದೂ ನಿಂತಿತು. ಆಮೇಲೆ ಚಿತ್ರ ಹಾರಿ ಮುಂದಕ್ಕೆ.

ಕಾರಣ ಇದು. ಪ್ಲೇಯರ್ ಡಿಸ್ಕನ್ನು ಓದುವುದು 1ಎಕ್ಸ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 11.08 ಮೆಗಾಬಿಟ್. ನಾವು ಬೇಡುವುದು 10ರ ಹತ್ತಿರವಾದರೆ ಉಳಿಯುವ ಸಲಿಗೆ ಹತ್ತರಲ್ಲಿ ಒಂದು ಭಾಗ. ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಡಿಸ್ಕಿಗೆ ಅಷ್ಟು ಸಾಕು. ಮನೆಯಲ್ಲಿ ರೈಟ್ ಮಾಡಿದ ಡಿಸ್ಕಿನಲ್ಲಿ ಅಲ್ಲಲ್ಲಿ ಒಂದು ಸೆಕ್ಟರನ್ನು ಎರಡನೇ ಸಲ ಓದಬೇಕಾಗಿ ಬರುತ್ತದೆ, ಪ್ಲೇಯರಿನ ಲೆನ್ಸೂ ಮುದಿಯಾಗಿರುತ್ತದೆ. ಆ ಮರು ಓದು ಸುಲಭದ ದೃಶ್ಯದಲ್ಲಿ ಬಂದರೆ ಬಫರ್ ತಾಳಿಕೊಳ್ಳುತ್ತದೆ, ತುತ್ತತುದಿಯ ಬಿಟ್‌ರೇಟಿನಲ್ಲಿ ಬಂದರೆ ಬಫರ್ ಬರಿದಾಗಿ ಚಿತ್ರ ನಿಲ್ಲುತ್ತದೆ. ಪ್ಲೇಯರನ್ನು ಕೊಲ್ಲುವುದು ಸರಾಸರಿಯಲ್ಲ, ತುದಿ.

ಗರಿಷ್ಠವನ್ನು 8,000ಕ್ಕೆ ಇಳಿಸಿ, ಸರಾಸರಿಯನ್ನು ಹಾಗೇ ಬಿಟ್ಟು ಮತ್ತೆ ಎರಡು ಪಾಸ್ ಓಡಿಸಿದಾಗ ಅಂಡರ್‌ಫ್ಲೋ ಸಾಲುಗಳೂ ಹೋದವು, ಅದೇ ಪ್ಲೇಯರಿನಲ್ಲಿ ಅದೇ ಯುದ್ಧ ತಡೆಯಿಲ್ಲದೆ ನಡೆಯಿತು. ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೂ ಗುಣಮಟ್ಟದ ವ್ಯತ್ಯಾಸ ಹುಡುಕುವುದು ಕಷ್ಟ. ಅಳುಕಿದ್ದರೆ 7,500 ಇಡಿ, ನಷ್ಟವೇನಿಲ್ಲ.

ಮೆನು ಮತ್ತು ಒತ್ತಕ್ಷರ

ಡಿವಿಡಿ ರಚನೆಗೆ ಡಿವಿಡಿಆಥರ್ ಎಂಬ ತಂತ್ರಾಂಶ. ಅದಕ್ಕೆ ಪಾಲ್ ಎಂದು ಮೊದಲೇ ಹೇಳದಿದ್ದರೆ ಯಾವ ಪದ್ಧತಿ ಎಂದು ತಿಳಿಸಿ ಎನ್ನುತ್ತಾ ಅಲ್ಲೇ ನಿಲ್ಲುತ್ತದೆ. ವಿಡಿಯೊ ಫಾರ್ಮ್ಯಾಟ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಪಾಲ್ ಎಂದು ಕೊಟ್ಟರೆ ಮುಗಿಯಿತು. ಮೊದಲ ವಿಒಬಿಯುಗೆ (ಡಿವಿಡಿ ವಿಡಿಯೊದ ಒಂದು ಸಣ್ಣ ತುಂಡು) ಕಾಯುತ್ತಿದ್ದೇನೆ ಎಂದು ಸಾಲು ಸಾಲಾಗಿ ಹೇಳತೊಡಗಿದರೆ ತಪ್ಪು ಹಿಂದಿನ ಹಂತದ್ದು: ಕಡತವನ್ನು ಡಿವಿಡಿ ಫಾರ್ಮ್ಯಾಟಿನಲ್ಲಿ ಮಕ್ಸ್ ಮಾಡದೆ, ಅಂದರೆ ಚಿತ್ರ-ಧ್ವನಿಗಳನ್ನು ಒಟ್ಟಿಗೆ ಹೆಣೆಯದೆ, ಬರೀ ಎಂಪೆಗ್ ಆಗಿ ಮಾಡಿದ್ದೀರಿ, ನ್ಯಾವಿಗೇಷನ್ ಪ್ಯಾಕುಗಳಿಗೆ ಅದರಲ್ಲಿ ಜಾಗವೇ ಇಲ್ಲ. ಮಕ್ಸ್ ಮತ್ತೊಮ್ಮೆ ಮಾಡಿದರಾಯಿತು, ಎನ್‌ಕೋಡ್ ಬೇಕಿಲ್ಲ.

ಅಧ್ಯಾಯಗಳನ್ನು ಪ್ರವೇಶಗಳ ಲೆಕ್ಕದಲ್ಲಿ ಇಟ್ಟದ್ದು. ಗುರುತು ಬೀಳುವುದು ಜಿಒಪಿಯ ಆರಂಭಕ್ಕೆ ಮಾತ್ರ, ಅಂದರೆ 0.6 ಸೆಕೆಂಡಿನವರೆಗೆ ಆಚೀಚೆ ಆಗಬಹುದು. ಅದಕ್ಕೇ ಪದ್ಯದ ಮೊದಲ ಅಕ್ಷರಕ್ಕೆ ಅಂಟಿಸದೆ ಒಂದು ಸೆಕೆಂಡು ಮುಂಚೆ ಇಡಬೇಕು.

ಮೆನುವಿನ ಕನ್ನಡ ಅಕ್ಷರಗಳನ್ನು ಎಫ್‌ಎಫ್‌ಎಂಪೆಗ್‌ನ ಡ್ರಾಟೆಕ್ಸ್ಟ್‌ನಿಂದ ಬರೆಸಬೇಡಿ. ಹಳೆಯ ಆವೃತ್ತಿಗಳಿಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ; "ಒಡ್ಡೋಲಗ" ಎಂದು ಕೊಟ್ಟರೆ ಡಕಾರಕ್ಕೆ ಅರ್ಧಚಂದ್ರ ಮೂಡಿ ಮುಂದಿನ ಡೋ ಪಕ್ಕಕ್ಕೆ ಸರಿದು ಕೂರುತ್ತದೆ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಚಿತ್ರವಾಗಿ ಮಾಡಿ ತರುವುದು ಸಲೀಸು. ಮೆನು ಹೈಲೈಟಿನ ಪದರಕ್ಕೆ ಪಾರದರ್ಶಕವೂ ಸೇರಿ ಸಿಗುವುದು ನಾಲ್ಕೇ ಬಣ್ಣ. ಅಕ್ಷರವನ್ನೇ ಹೈಲೈಟ್ ಮಾಡಹೊರಟರೆ ಅಂಚಿನ ನಯವೆಲ್ಲ ಹೋಗಿ ಸುಣ್ಣದಲ್ಲಿ ಗೀಚಿದಂತಾಗುತ್ತದೆ. ಅಕ್ಷರ ಹಿನ್ನೆಲೆಯ ವಿಡಿಯೊದಲ್ಲೇ ಇರಲಿ, ಹೈಲೈಟಿಗೆ ಕೆಳಗೊಂದು ದಪ್ಪ ಅಡ್ಡಗೆರೆ ಸಾಕು. ಅಕ್ಷರದ ಕಡ್ಡಿ 3 ಪಿಕ್ಸೆಲಿಗಿಂತ ತೆಳುವಾದರೆ ಅದೂ ಮಿಣುಕುತ್ತದೆ. ಡಬ್ಬಾ ಟಿವಿ ಚಿತ್ರದ ಅಂಚನ್ನು ಕತ್ತರಿಸುವುದರಿಂದ ನಾಲ್ಕೂ ಕಡೆ ಹತ್ತರಲ್ಲಿ ಒಂದು ಭಾಗ ಬರಿದಾಗಿ ಬಿಡಬೇಕು.

ಆಟ 16:9 ಇದ್ದರೂ ಮೆನುವನ್ನು 4:3ರಲ್ಲಿ ಮಾಡಿದ್ದು ಬೇಕೆಂದೇ. 16:9 ಮೆನುವನ್ನು ಡಬ್ಬಾ ಟಿವಿಯಲ್ಲಿ ಪ್ಲೇಯರ್ ಕುಗ್ಗಿಸಿ ತೋರಿಸುತ್ತದೆ, ಅದಕ್ಕೆಂದು ಬೇರೆ ಹೈಲೈಟ್ ಪದರ ಕೊಟ್ಟಿಲ್ಲದಿದ್ದರೆ ಗೆರೆ ಒಂದು ಕಡೆ, ಅಕ್ಷರ ಒಂದು ಕಡೆ. 768×576ರಲ್ಲಿ ಬರೆದು 720×576ಕ್ಕೆ ಒತ್ತಿದರೆ ಎಲ್ಲ ಟಿವಿಯಲ್ಲೂ ಸರಿಹೋಗುತ್ತದೆ. ಮೆನುಗೆ ಮೌನದ ಧ್ವನಿಯನ್ನಾದರೂ ಸೇರಿಸಿ; ಧ್ವನಿಯೇ ಇಲ್ಲದ ಮೆನುವಿನಲ್ಲಿ ಕೆಲವು ಪ್ಲೇಯರ್ ಸಿಕ್ಕಿಹಾಕಿಕೊಳ್ಳುತ್ತವೆ.

ಡಿಸ್ಕ್ ಹಾಕಿದ ಕೂಡಲೇ ಮೆನು ಬರಬಾರದು. ಡಿವಿಡಿಆಥರಿನ ಎಕ್ಸ್‌ಎಂಎಲ್‌ನಲ್ಲಿ ಫಸ್ಟ್ ಪ್ಲೇ ಆಜ್ಞೆ ನೇರ ಮೊದಲ ಟೈಟಲಿಗೆ ಜಿಗಿಯುತ್ತದೆ, ಆಟ ಮುಗಿದ ಮೇಲೆ ಮೆನು. ಪ್ಲೇ ಕೂಡ ಒತ್ತಬೇಕಿಲ್ಲ.

ರೈಟ್ ಮಾಡುವುದು

ಐಎಸ್ಒ, ಅಂದರೆ ಇಡೀ ಡಿಸ್ಕಿನ ಪಡಿಯಚ್ಚಿನ ಕಡತ, ಮಾಡುವಾಗ ಜೆನ್‌ಐಸೊಇಮೇಜ್ ತಂತ್ರಾಂಶಕ್ಕೆ ಡಿವಿಡಿ-ವಿಡಿಯೊ ಆಯ್ಕೆ ಕೊಡಲೇಬೇಕು. ಅದಿಲ್ಲದೆ ಮಾಡಿದ್ದು ಬರೀ ಡೇಟಾ ಡಿಸ್ಕ್ ಆಗುತ್ತದೆ, ಕಂಪ್ಯೂಟರಿನಲ್ಲಿ ಓಡಿ ಪ್ಲೇಯರಿನಲ್ಲಿ "ನೋ ಡಿಸ್ಕ್" ಎನ್ನುವ ಡಿಸ್ಕುಗಳಲ್ಲಿ ಬಹುಪಾಲು ಇವೇ. ಮೊದಲ ಡಿಸ್ಕಿನ ಐಎಸ್ಒ 4.55 ಜಿಬಿ ಬಂತು. ಉಳಿದ ಶೇ. 3 ಎಂದರೆ ಡಿಸ್ಕಿನ ಹೊರ ಅಂಚಿನಲ್ಲಿ ಸುಮಾರು ಮುಕ್ಕಾಲು ಮಿಲಿಮೀಟರ್. ಬರೆಯುವುದು ಒಳಗಿನಿಂದ ಹೊರಕ್ಕೆ. ಬೆರಳಿನ ಗುರುತು, ಬಣ್ಣದ ಲೇಪದ ದೋಷ ಎಲ್ಲ ಹೆಚ್ಚು ಕಾಣುವುದು ಆ ಅಂಚಿನಲ್ಲೇ.

ಹಳೆಯ ಪ್ಲೇಯರಿಗೆ ಡಿವಿಡಿ-ಆರ್ ಮೊದಲ ಆಯ್ಕೆ. ಪರೀಕ್ಷೆಗೆಂದು ಆರ್‌ಡಬ್ಲ್ಯೂ ಬಳಸುವುದು ಉಳಿತಾಯವೇನೋ ಹೌದು, ಆದರೆ ಅದರ ಮೈ ಬೆಳಕನ್ನು ಹಿಂದಿರುಗಿಸುವುದು ಶೇ. 18ರಿಂದ 30 ಮಾತ್ರ, ಎರಡು ಪದರದ ಡಿಸ್ಕಿನಷ್ಟೇ. ಕೆಲವು ಪ್ಲೇಯರ್ ಅದನ್ನು ಎರಡು ಪದರದ್ದೆಂದೇ ತಿಳಿದು ಗಲಿಬಿಲಿಗೊಳ್ಳುತ್ತವೆ. ಆರ್‌ಡಬ್ಲ್ಯೂ ಓಡಲಿಲ್ಲ ಎಂದು ಎನ್‌ಕೋಡನ್ನು ಬೈಯುವಂತಿಲ್ಲ.

16ಎಕ್ಸ್ ಡಿಸ್ಕನ್ನು 8ಎಕ್ಸ್‌ನಲ್ಲಿ ಬರೆದು, ಡಿಸ್ಕ್ ಮುಚ್ಚುವಂತೆ (ಮುಂದೆ ಏನೂ ಬರೆಯಲಾಗದಂತೆ) ಬರೆಯುವ ತಂತ್ರಾಂಶ ಗ್ರೋಐಸೊಎಫ್‌ಎಸ್‌ಗೆ ಡಿವಿಡಿ-ಕಾಂಪ್ಯಾಟ್ ಆಯ್ಕೆ ಕೊಟ್ಟಿದೆ. ನಿಧಾನವಾದಷ್ಟೂ ಒಳ್ಳೆಯದು ಎಂಬ ಮಾತು ಹಳೆಯ ಕಾಲದ್ದು. ಈಗಿನ ಡಿಸ್ಕಿನ ಬಣ್ಣವೇ ವೇಗಕ್ಕೆಂದು ತಯಾರಾದದ್ದು. ಬರೆದಾದ ಮೇಲೆ ಐಎಸ್ಒದ ಗಾತ್ರವನ್ನು 2048ರಿಂದ ಭಾಗಿಸಿ, ಅಷ್ಟೇ ಸೆಕ್ಟರನ್ನು ಡಿಸ್ಕಿನಿಂದ ಹಿಂದಕ್ಕೆ ಓದಿ ಎಂಡಿ5 (ಕಡತದ ಬೆರಳಚ್ಚಿನಂಥ ಸಂಖ್ಯೆ) ತಾಳೆ ನೋಡಬೇಕು. ತಾಳೆಯಾದರೂ ಪ್ಲೇಯರಿನಲ್ಲಿ ಕೊನೆಯ ಹತ್ತು ನಿಮಿಷ ಓಡಿಸಿ ನೋಡದೆ ಕೊಡಬೇಡಿ. ಕಾಗದದ ಲೇಬಲ್ ಅಂಟಿಸಬೇಡಿ, ತೂಕ ಒಂದು ಪಕ್ಕಕ್ಕೆ ವಾಲಿ ಡಿಸ್ಕ್ ಅದುರುತ್ತದೆ, ಬಿಸಿಗೆ ಬಾಗುತ್ತದೆ. ನೀರು ಆಧಾರಿತ ಮಾರ್ಕರಿನಲ್ಲಿ ನಡುವಿನ ಪಾರದರ್ಶಕ ಉಂಗುರದ ಮೇಲೆ 1, 2 ಎಂದು ಬರೆದರೆ ಸಾಕು.

ಅಮೆರಿಕದ ನೆಂಟರಿಗೆ ಇದೇ ಡಿಸ್ಕ್ ಕಳಿಸಿ ಪ್ರಯೋಜನವಿಲ್ಲ. ಅಲ್ಲಿನದು ಎನ್‌ಟಿಎಸ್‌ಸಿ ಪದ್ಧತಿ, ಪಾಲ್ ಡಿಸ್ಕನ್ನು ತೆಗೆದುಕೊಳ್ಳದ ಪ್ಲೇಯರುಗಳು ಅಲ್ಲಿ ಬಹಳ. 50 ಫೀಲ್ಡನ್ನು 60ಕ್ಕೆ ಎಳೆಯುವ ಬದಲು ಅವರಿಗೆ ಎಂಪಿ4 ಕಡತವನ್ನೇ ಕಳಿಸುವುದು ವಾಸಿ.

ಪೆನ್ ಡ್ರೈವಿನ ಪ್ರತಿ

ಪ್ಲೇಯರಿಗೆ ಯುಎಸ್‌ಬಿ ಕಿಂಡಿ ಇದ್ದ ಮಾತ್ರಕ್ಕೆ ಎಚ್.264 (ಈಗಿನ ಎಂಪಿ4 ಕಡತಗಳ ವಿಡಿಯೊ) ಓಡುತ್ತದೆ ಎಂದಲ್ಲ. ಆ ಕಾಲದ ಹೆಚ್ಚಿನ ಪ್ಲೇಯರುಗಳಿಗೆ ಗೊತ್ತಿರುವುದು ಡಿವ್‌ಎಕ್ಸ್, ಎಕ್ಸ್‌ವಿಡ್ ಎಂಬ ಹಳೆಯ ವಿಡಿಯೊ ಬಗೆಗಳು. ಎವಿಐ ಕಡತ, ಎನ್‌ಕೋಡರಿನ ಕ್ಯೂಪೆಲ್, ಜಿಎಂಸಿ ಆಯ್ಕೆಗಳೆರಡೂ ಆಫ್, ಎಂಪಿ3 ಧ್ವನಿ ಸ್ಥಿರ ಬಿಟ್‌ರೇಟಿನಲ್ಲಿ. ಇಲ್ಲಿ ಇಂಟರ್ಲೇಸ್ ಬೇಡ, ಬಿಡಬ್ಲ್ಯೂಡಿಐಎಫ್‌ನಿಂದ ಸೀದಾ 25 ಫ್ರೇಮ್. ಎವಿಐಯೊಳಗಿನ 16:9 ಗುರುತನ್ನು ಕೆಲವು ಪ್ಲೇಯರ್ ನೋಡುವುದೇ ಇಲ್ಲ, ಹಾಗಾಗಿ ಪಿಕ್ಸೆಲ್ ಚೌಕವಾಗಿರುವಂತೆ 720×400. ವಿಡಿಯೊ 1,500, ಧ್ವನಿ 160 ಕಿಲೊಬಿಟ್ ಇಟ್ಟಾಗ ಪೂರ್ವಾರ್ಧ 1.35 ಜಿಬಿ ಆಯಿತು. 2 ಜಿಬಿ ದಾಟಿದ ಎವಿಐಯನ್ನು ಹಳೆಯ ಪ್ಲೇಯರ್ ನಡುವೆಯೇ ಕೈಬಿಡುವುದುಂಟು. ಪೆನ್ ಡ್ರೈವ್ ಫ್ಯಾಟ್32 ಫಾರ್ಮ್ಯಾಟಿನಲ್ಲಿ ಇರಬೇಕು. ಕಡತಕ್ಕೆ ಕನ್ನಡದಲ್ಲಿ ಹೆಸರಿಟ್ಟರೆ ಪ್ಲೇಯರಿನ ಪಟ್ಟಿಯಲ್ಲಿ ಬರೀ ಚೌಕಗಳು ಕಾಣುತ್ತವೆ. 01, 02 ಎಂದಿಟ್ಟು, ಪ್ರಸಂಗದ ಹೆಸರನ್ನು ವಿಡಿಯೊದ ಮೊದಲ ನಾಲ್ಕು ಸೆಕೆಂಡಿನಲ್ಲಿ ದೊಡ್ಡ ಅಕ್ಷರದಲ್ಲಿ ತೋರಿಸಿದೆ.